ಮತ್ತೆ ಮತ್ತೆ ಬಾಯಿಹುಣ್ಣು: ‘ಉಷ್ಣ’ವೆಂದು ಸುಮ್ಮನಾಗುವ ಮುನ್ನ

ಬಾಯಿಯೊಳಗೆ ಹುಣ್ಣಾದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು ‘ದೇಹಕ್ಕೆ ಉಷ್ಣವಾಗಿದೆ’ ಎಂಬುದು. ಮಜ್ಜಿಗೆ, ಎಳನೀರು, ಒಂದು ಚಮಚ ತುಪ್ಪ, ಅದಕ್ಕೂ ಬಗ್ಗದಿದ್ದರೆ ಔಷಧ ಅಂಗಡಿಯಿಂದ ತಂದ ಬಿ-ಕಾಂಪ್ಲೆಕ್ಸ್ ಮಾತ್ರೆ. ಬಹುತೇಕರ ಚಿಕಿತ್ಸೆ ಇಲ್ಲಿಗೆ ಮುಗಿಯುತ್ತದೆ. ವಾರ ಹತ್ತು ದಿನಗಳಲ್ಲಿ ಹುಣ್ಣು ತಾನಾಗಿಯೇ ಮಾಯುವುದರಿಂದ ಯಾವುದು ಗುಣಪಡಿಸಿತು ಎಂಬ ಪ್ರಶ್ನೆಯೂ ಏಳುವುದಿಲ್ಲ. ಅದೇ ಹುಣ್ಣು ಅಥವಾ ಗುಳ್ಳೆ ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ಮರಳಿ ಬರತೊಡಗಿದಾಗ ಮಾತ್ರ ಕಾರಣದ ಹುಡುಕಾಟ ಆರಂಭವಾಗುತ್ತದೆ.

ಮರುಕಳಿಸುವ ಬಾಯಿಹುಣ್ಣಿಗೆ ಕಾರಣಗಳು ಹತ್ತಾರು. ಅವುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಆದರೆ ರಕ್ತಹೀನತೆ, ಕರುಳಿನ ಕಾಯಿಲೆ, ಚರ್ಮದ ಗಂಭೀರ ರೋಗ, ಕೊನೆಗೆ ಕ್ಯಾನ್ಸರ್ ಸಹ ಮೊದಲು ಬಾಯಿಯಲ್ಲೇ ಮುಖ ತೋರಿಸುವುದುಂಟು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಮಾತ್ರೆ ನುಂಗುತ್ತ ಕಾಲ ಕಳೆದರೆ ಚಿಕಿತ್ಸೆಗೆ ಅಮೂಲ್ಯವಾದ ತಿಂಗಳುಗಳು ಕೈತಪ್ಪುತ್ತವೆ.

ಗುಳ್ಳೆಯೋ, ಹುಣ್ಣೋ?

ಮೊದಲು ತಿಳಿಯಬೇಕಾದ ವ್ಯತ್ಯಾಸವಿದು. ಒಳಚರ್ಮದ ಕೆಳಗೆ ದ್ರವ ತುಂಬಿಕೊಂಡು ಉಬ್ಬಿದರೆ ಅದು ಗುಳ್ಳೆ. ಒಳಚರ್ಮವೇ ಕಿತ್ತುಹೋಗಿ ತಗ್ಗಾದ ಗಾಯವಾದರೆ ಅದು ಹುಣ್ಣು. ಬಾಯಿ ಸದಾ ತೇವದಿಂದ ಕೂಡಿದ್ದು, ನಾಲಿಗೆ, ಹಲ್ಲು, ಆಹಾರಗಳ ಉಜ್ಜಾಟ ನಡೆದೇ ಇರುವುದರಿಂದ ಗುಳ್ಳೆಗಳು ಬೇಗ ಒಡೆದುಹೋಗುತ್ತವೆ. ವೈದ್ಯರ ಬಳಿಗೆ ಬರುವ ವೇಳೆಗೆ ಉಳಿದಿರುವುದು ಹುಣ್ಣು ಮಾತ್ರ. ಆದ್ದರಿಂದಲೇ ‘ಮೊದಲು ನೀರು ತುಂಬಿದ ಗುಳ್ಳೆ ಕಾಣಿಸಿಕೊಂಡಿತ್ತೇ, ಅಥವಾ ನೇರವಾಗಿ ಹುಣ್ಣಾಯಿತೇ?’ ಎಂದು ವೈದ್ಯರು ಕೇಳುತ್ತಾರೆ. ಉತ್ತರ ಯಾವುದೆಂಬುದರ ಮೇಲೆ ರೋಗದ ಪತ್ತೆಯ ದಾರಿಯೇ ಬದಲಾಗುತ್ತದೆ.

ಹುಣ್ಣು ಎಲ್ಲಿ ಆಗಿದೆ, ಎಷ್ಟು ದಿನ ಇರುತ್ತದೆ, ದೇಹದ ಬೇರೆಡೆ ಏನಾದರೂ ಕಾಣಿಸಿಕೊಂಡಿದೆಯೇ ಎಂಬ ಮೂರು ಪ್ರಶ್ನೆಗಳೂ ಅಷ್ಟೇ ಮುಖ್ಯ.

ಅತಿ ಸಾಮಾನ್ಯವಾದದ್ದು ಆಫ್ತಸ್ ಹುಣ್ಣು

ಮರುಕಳಿಸುವ ಬಾಯಿಹುಣ್ಣುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದನ್ನು ವೈದ್ಯಶಾಸ್ತ್ರವು ‘ಆಫ್ತಸ್ ಹುಣ್ಣು’ ಎಂದು ಕರೆಯುತ್ತದೆ. ಜನಸಂಖ್ಯೆಯ ಸುಮಾರು ಶೇ.20ರಷ್ಟು ಮಂದಿಗೆ ಜೀವನದಲ್ಲಿ ಇದರ ಅನುಭವವಾಗುತ್ತದೆಂಬ ಅಂದಾಜಿದೆ. ಬಾಲ್ಯ ಅಥವಾ ಹದಿಹರೆಯದಲ್ಲಿ ಆರಂಭವಾಗಿ, ವಯಸ್ಸು ಏರಿದಂತೆ ಕಡಿಮೆಯಾಗುತ್ತ ಬರುವುದು ಇದರ ಲಕ್ಷಣ. ತಂದೆ ಅಥವಾ ತಾಯಿಗೆ ಈ ತೊಂದರೆ ಇದ್ದಲ್ಲಿ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಇದು ಸೋಂಕಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ದುಂಡಗಿನ ಅಥವಾ ಮೊಟ್ಟೆಯಾಕಾರದ ಗಾಯ, ನಡುವೆ ಬಿಳಿ-ಹಳದಿ ಪೊರೆ, ಸುತ್ತಲೂ ಕೆಂಪು ಅಂಚು ಇದ್ದರೆ ಅದನ್ನು ಗುರುತಿಸುವುದು ಸುಲಭ. ತುಟಿಯ ಒಳಭಾಗ, ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಬಾಯಿಯ ತಳದಂತಹ ಮೆದುವಾದ ಜಾಗಗಳಲ್ಲೇ ಇದು ಹೆಚ್ಚಾಗಿ ಏಳುತ್ತದೆ. ಇದರಲ್ಲಿ ಮೂರು ಬಗೆಗಳಿವೆ. ಸಣ್ಣ ಬಗೆಯದು 10 ಮಿ.ಮೀ.ಗಿಂತ ಚಿಕ್ಕದು, 7ರಿಂದ 14 ದಿನಗಳಲ್ಲಿ ಕಲೆ ಉಳಿಯದೆ ಮಾಯುತ್ತದೆ. ಹತ್ತರಲ್ಲಿ ಎಂಟು ಮಂದಿಗೆ ಬರುವುದು ಇದೇ. ದೊಡ್ಡ ಬಗೆಯದು 10 ಮಿ.ಮೀ. ಮೀರಿದ್ದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡಿ ಕಲೆ ಉಳಿಸಿಹೋಗುತ್ತದೆ. ಮೂರನೆಯದರಲ್ಲಿ 1ರಿಂದ 3 ಮಿ.ಮೀ. ಗಾತ್ರದ ಪುಟ್ಟ ಹುಣ್ಣುಗಳು ಹತ್ತಾರು ಸಂಖ್ಯೆಯಲ್ಲಿ ಒಟ್ಟಿಗೆ ಏಳುತ್ತವೆ.

ದೇಹದ ರೋಗನಿರೋಧಕ ವ್ಯವಸ್ಥೆಯು ಬಾಯಿಯ ಒಳಪದರದ ಮೇಲೆಯೇ ತಿರುಗಿಬೀಳುವುದು ಈ ಹುಣ್ಣಿನ ಮೂಲ ಎಂಬುದು ಈಗಿನ ತಿಳಿವಳಿಕೆ. ಅದನ್ನು ಕೆರಳಿಸುವ ಸಂಗತಿಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಊಟ ಮಾಡುವಾಗ ಕೆನ್ನೆ ಕಚ್ಚಿಕೊಳ್ಳುವುದು, ಗಡುಸು ಬ್ರಷ್, ಚೂಪಾದ ಹಲ್ಲು, ಸರಿಯಾಗಿ ಕೂರದ ಕಟ್ಟುಹಲ್ಲು, ಹಲ್ಲಿಗೆ ಹಾಕಿಸಿಕೊಂಡ ತಂತಿ ಇವೆಲ್ಲ ಆ ಪಟ್ಟಿಯಲ್ಲಿವೆ. ಪರೀಕ್ಷೆಯ ದಿನಗಳು, ನಿದ್ದೆಗೆಟ್ಟ ರಾತ್ರಿಗಳು, ಕಚೇರಿಯ ಒತ್ತಡ ಹೆಚ್ಚಿದ ವಾರಗಳಲ್ಲಿ ಹುಣ್ಣು ಏಳುವುದನ್ನು ಅನೇಕರು ಗಮನಿಸಿರುತ್ತಾರೆ. ಕೆಲವು ಮಹಿಳೆಯರಲ್ಲಿ ಮುಟ್ಟಿನ ದಿನಗಳೊಂದಿಗೆ ಇದು ತಳಕು ಹಾಕಿಕೊಂಡಿರುತ್ತದೆ. ಟೂತ್‌ಪೇಸ್ಟ್‌ನಲ್ಲಿ ನೊರೆ ಬರಿಸಲು ಸೇರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಅದಿಲ್ಲದ ಪೇಸ್ಟನ್ನು ಎರಡು ಮೂರು ತಿಂಗಳು ಬಳಸಿ ನೋಡುವುದರಿಂದ ನಷ್ಟವೇನೂ ಇಲ್ಲ.

ಧೂಮಪಾನ ಬಿಟ್ಟ ಹೊಸತರಲ್ಲಿ ಈ ಹುಣ್ಣು ಹೆಚ್ಚಾಗುವುದು ಇನ್ನೊಂದು ಸೋಜಿಗ. ‘ಸಿಗರೇಟು ಬಿಟ್ಟಿದ್ದರಿಂದ ಬಾಯಿ ಕೆಟ್ಟಿತು’ ಎಂದು ಮತ್ತೆ ಸೇದಲು ಇದು ನೆಪವಾಗಬಾರದು. ಕೆಲವು ವಾರಗಳಲ್ಲಿ ಇದು ತಹಬಂದಿಗೆ ಬರುತ್ತದೆ.

ಬಿ-ಕಾಂಪ್ಲೆಕ್ಸ್ ಎಲ್ಲಕ್ಕೂ ಮದ್ದೇ?

ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ-12 ಇವುಗಳ ಕೊರತೆಯಿಂದ ಬಾಯಿಹುಣ್ಣು ಮರುಕಳಿಸುವುದು ನಿಜ. ರೈಬೊಫ್ಲಾವಿನ್ ಕೊರತೆಯಾದರೆ ತುಟಿಯ ಮೂಲೆಗಳು ಒಡೆಯುತ್ತವೆ, ನಾಲಿಗೆ ಕೆಂಪಾಗಿ ಉರಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರ ಪೈಕಿ ಸುಮಾರು ಶೇ.48ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಆದ್ದರಿಂದ ಪದೇ ಪದೇ ಬಾಯಿಹುಣ್ಣಾಗುವ ಮಹಿಳೆಗೆ ಸುಸ್ತು, ಏದುಸಿರು, ಮುಟ್ಟಿನಲ್ಲಿ ಅಧಿಕ ಸ್ರಾವವೂ ಇದ್ದಲ್ಲಿ ರಕ್ತ ಪರೀಕ್ಷೆಯೇ ಮೊದಲ ಹೆಜ್ಜೆಯಾಗಬೇಕು.

ಬಿ-12 ವಿಟಮಿನ್ ಸ್ವಾಭಾವಿಕವಾಗಿ ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಂತಹ ಪ್ರಾಣಿಜನ್ಯ ಆಹಾರಗಳಲ್ಲಿ ಮಾತ್ರ. ಹಾಲು-ಮೊಸರನ್ನೂ ಕಡಿಮೆ ಸೇವಿಸುವ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಮಧುಮೇಹಕ್ಕೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಹಾಗೂ ಹೊಟ್ಟೆಯುರಿಗೆ ದೀರ್ಘಕಾಲ ಆಮ್ಲನಿರೋಧಕ ಮಾತ್ರೆ ನುಂಗುವವರಲ್ಲಿಯೂ ಇದು ಕುಸಿಯಬಹುದು.

ಹಾಗೆಂದು ಎಲ್ಲರಿಗೂ ಮಾತ್ರೆಯೇ ಪರಿಹಾರವಲ್ಲ. ಇಸ್ರೇಲಿನಲ್ಲಿ 58 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳು ಪ್ರತಿದಿನ 1000 ಮೈಕ್ರೊಗ್ರಾಂ ಬಿ-12 ಪಡೆದವರಲ್ಲಿ ಶೇ.74ರಷ್ಟು ಮಂದಿ ಕೊನೆಯ ತಿಂಗಳಲ್ಲಿ ಹುಣ್ಣುಮುಕ್ತರಾಗಿದ್ದರು. ಹುಸಿಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಶೇ.32. ಆದರೆ 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 160 ಮಂದಿಯನ್ನು ಒಳಗೊಂಡ ಅಧ್ಯಯನದಲ್ಲಿ ದಿನನಿತ್ಯದ ಮಲ್ಟಿವಿಟಮಿನ್ ಮಾತ್ರೆಯಿಂದ ಹುಣ್ಣುಗಳ ಸಂಖ್ಯೆಯಾಗಲಿ ಅವಧಿಯಾಗಲಿ ಕಡಿಮೆಯಾಗಲಿಲ್ಲ. ಕೊರತೆ ಯಾವುದೆಂದು ಪರೀಕ್ಷೆಯಿಂದ ಅರಿತು ಅದನ್ನು ಸರಿಯಾದ ಪ್ರಮಾಣದಲ್ಲಿ ತುಂಬುವುದು ಒಂದು; ಅಂದಾಜಿನ ಮೇಲೆ ಹಳದಿ ಮಾತ್ರೆ ನುಂಗುವುದು ಇನ್ನೊಂದು.

ವೈರಸ್ ತರುವ ಗುಳ್ಳೆಗಳು

ತುಟಿಯ ಅಂಚಿನಲ್ಲಿ ಜುಮುಗುಟ್ಟಿದಂತಾಗಿ, ಒಂದೆರಡು ದಿನಗಳಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು ಎದ್ದರೆ ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಶೇ.64ರಷ್ಟು ಮಂದಿಯಲ್ಲಿ ಇದರ ಮೊದಲ ಬಗೆ ನೆಲೆಸಿದೆ. ಸಾಮಾನ್ಯವಾಗಿ ಬಾಲ್ಯದಲ್ಲಿ ಪ್ರವೇಶಿಸುವ ಈ ವೈರಸ್ ನರಗಳ ಗಂಟಿನಲ್ಲಿ ಅಡಗಿ ಕುಳಿತು, ಜ್ವರ, ಬಿಸಿಲು, ಆಯಾಸಗಳಾದಾಗ ಮರಳಿ ಹೊರಬರುತ್ತದೆ. ಬಾಯಿಯೊಳಗಾದರೆ ಒಸಡು ಮತ್ತು ಮೇಲಂಗಳದಂತಹ ಗಟ್ಟಿಯಾದ ಜಾಗಗಳಲ್ಲಿ ಕಾಣಿಸಿಕೊಳ್ಳುವುದು ಇದರ ಗುರುತು. ಆಫ್ತಸ್ ಹುಣ್ಣಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇದು ಅಂಟುರೋಗ. ಗುಳ್ಳೆ ಇರುವಾಗ ಮಕ್ಕಳಿಗೆ ಮುತ್ತು ಕೊಡುವುದು, ಲೋಟ-ಟವೆಲ್ ಹಂಚಿಕೊಳ್ಳುವುದು ಸಲ್ಲದು. ಎಸೈಕ್ಲೊವಿರ್ ಔಷಧವನ್ನು ಜುಮುಗುಟ್ಟುವ ಹಂತದಲ್ಲೇ ಆರಂಭಿಸಿದರೆ ಫಲ ಹೆಚ್ಚು.

ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದೊಂದಿಗೆ ಬಾಯಿ, ಅಂಗೈ, ಅಂಗಾಲುಗಳಲ್ಲಿ ಗುಳ್ಳೆ ಎದ್ದರೆ ಅದು ಕೈ-ಕಾಲು-ಬಾಯಿ ರೋಗ. 2022ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ‘ಟೊಮ್ಯಾಟೊ ಜ್ವರ’ ಎಂದು ಸುದ್ದಿಯಾದದ್ದು ಇದರದೇ ರೂಪ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ನೋವಿನಿಂದ ಮಗು ನೀರು ಕುಡಿಯುವುದನ್ನೇ ಬಿಡದಂತೆ ನೋಡಿಕೊಳ್ಳುವುದು ಮುಖ್ಯ.

ನೀರುಗುಳ್ಳೆ, ರಕ್ತಗುಳ್ಳೆ

ಕೆಳತುಟಿಯ ಒಳಭಾಗದಲ್ಲಿ ನೋವಿಲ್ಲದ, ತಿಳಿನೀಲಿ ಬಣ್ಣದ ಗುಳ್ಳೆ ಎದ್ದು, ಒಡೆದು, ಮತ್ತೆ ಅದೇ ಜಾಗದಲ್ಲಿ ತುಂಬಿಕೊಳ್ಳುತ್ತಿದ್ದರೆ ಅದು ‘ಮ್ಯೂಕೋಸೀಲ್’ ಆಗಿರುವ ಸಂಭವ ಹೆಚ್ಚು. ತುಟಿ ಕಚ್ಚಿಕೊಂಡಾಗ ಕಿರು ಜೊಲ್ಲುಗ್ರಂಥಿಯ ನಾಳ ಹರಿದು ಜೊಲ್ಲು ಹೊರಬರಲಾಗದೆ ಒಳಗೇ ಸಂಗ್ರಹವಾಗುತ್ತದೆ. ಸೂಜಿಯಿಂದ ಚುಚ್ಚಿದರೆ ಒಂದೆರಡು ದಿನ ಇಳಿದು ಮತ್ತೆ ಬರುತ್ತದೆ. ಆ ಗ್ರಂಥಿಯನ್ನೇ ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಖಚಿತ ಪರಿಹಾರ.

ನಡುವಯಸ್ಸು ದಾಟಿದ ಕೆಲವರಿಗೆ ಊಟ ಮಾಡುತ್ತಿರುವಾಗಲೇ ಮೇಲಂಗಳದ ಹಿಂಭಾಗದಲ್ಲಿ ಕಡುಗೆಂಪು ರಕ್ತಗುಳ್ಳೆ ದಿಢೀರನೆ ಉಬ್ಬಿ, ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಒಡೆಯುತ್ತದೆ. ತೀರಾ ಬಿಸಿಯಾದ ಅಥವಾ ಗರಿಗರಿಯಾದ ತಿನಿಸು ತಗುಲಿದಾಗ ಹೀಗಾಗುವುದುಂಟು. ನೋಡಲು ಭಯ ಹುಟ್ಟಿಸಿದರೂ ಇದು ಬಹುತೇಕ ನಿರಪಾಯಕಾರಿ. ಆದರೆ ಜ್ವರ, ಚರ್ಮದ ಮೇಲೆ ಕೆಂಪು ಚುಕ್ಕೆ, ಒಸಡಿನ ರಕ್ತಸ್ರಾವ ಜೊತೆಗಿದ್ದರೆ ಪ್ಲೇಟ್‌ಲೆಟ್ ಕುಸಿದಿರಬಹುದು. ಕೂಡಲೇ ರಕ್ತ ಪರೀಕ್ಷೆಯಾಗಬೇಕು.

ಬಾಯಲ್ಲೇ ಆರಂಭವಾಗುವ ಪೆಂಫಿಗಸ್

ಮರುಕಳಿಸುವ ಗುಳ್ಳೆಗಳ ಪೈಕಿ ತಪ್ಪದೆ ಗುರುತಿಸಬೇಕಾದ ರೋಗ ‘ಪೆಂಫಿಗಸ್ ವಲ್ಗ್ಯಾರಿಸ್’. ಚರ್ಮದ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ದೇಹದ ಪ್ರತಿಕಾಯಗಳೇ ದಾಳಿ ನಡೆಸುತ್ತವೆ. ಅಂಟು ಬಿಟ್ಟ ಕೋಶಗಳ ನಡುವೆ ದ್ರವ ತುಂಬಿ ಗುಳ್ಳೆಗಳೇಳುತ್ತವೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಮೊದಲು ಕಾಣಿಸಿಕೊಳ್ಳುವುದು ಬಾಯಿಯಲ್ಲಿ. ಮೈಮೇಲೆ ಗುಳ್ಳೆ ಏಳುವುದು ತಿಂಗಳುಗಳ ನಂತರ. ಅಲ್ಲಿಯವರೆಗೆ ಸಾಮಾನ್ಯ ಬಾಯಿಹುಣ್ಣೆಂದು ಭಾವಿಸಿ ಮುಲಾಮು ಹಚ್ಚುತ್ತ ಹೋಗುವ ಅಪಾಯವಿದೆ.

ಆಫ್ತಸ್ ಹುಣ್ಣು ಬಂದು ಹೋಗುತ್ತದೆ, ನಡುವೆ ಬಾಯಿ ಪೂರ್ತಿ ಸರಿಯಿರುತ್ತದೆ. ಪೆಂಫಿಗಸ್‌ನಲ್ಲಿ ಒಂದು ಮಾಯುವ ಮುನ್ನ ಇನ್ನೊಂದು ಏಳುತ್ತ, ಅಂಚು ಹರಿದಂತಿರುವ ಗಾಯಗಳು ವಿಸ್ತರಿಸುತ್ತ ಹೋಗುತ್ತವೆ. ಸ್ಟೀರಾಯ್ಡ್ ಔಷಧಗಳು ಬರುವ ಮೊದಲು ಈ ರೋಗ ತಗುಲಿದವರಲ್ಲಿ ಹೆಚ್ಚಿನವರು ಬದುಕುಳಿಯುತ್ತಿರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ.ಜೆ.ಎಸ್. ಪಸ್ರೀಚಾ ಅವರು 1980ರ ದಶಕದಲ್ಲಿ ರೂಪಿಸಿದ ‘ಪಲ್ಸ್’ ಚಿಕಿತ್ಸೆಯು ಭಾರತದಲ್ಲಿ ಅಸಂಖ್ಯ ರೋಗಿಗಳಿಗೆ ಆಸರೆಯಾಯಿತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದಿಗೆ ಈ ರೋಗದಲ್ಲಿ ಅನುಮತಿ ನೀಡಿತು. ಅದು ಭಾರತದಲ್ಲಿಯೂ ಬಳಕೆಯಲ್ಲಿದೆ. ಬೇಗ ಪತ್ತೆಯಾದಷ್ಟೂ ಹತೋಟಿ ಸುಲಭ.

ಕೆನ್ನೆಯ ಒಳಗೆ ಬಲೆಯಂತೆ ಹೆಣೆದ ಬಿಳಿ ಗೆರೆಗಳು, ಖಾರ ತಾಗಿದರೆ ಉರಿ ಇದ್ದರೆ ಅದು ‘ಲೈಕೆನ್ ಪ್ಲೇನಸ್’ ಇರಬಹುದು. ಇದಕ್ಕೂ ವೈದ್ಯರ ನಿಯಮಿತ ತಪಾಸಣೆ ಅಗತ್ಯ.

ಹೊಟ್ಟೆ, ಕಣ್ಣು, ಕೀಲುಗಳ ಸಂಬಂಧ

ಬಾಯಿಹುಣ್ಣಿನ ಜೊತೆ ತಿಂಗಳುಗಟ್ಟಲೆ ಭೇದಿ, ತೂಕ ಇಳಿಕೆ, ಹೊಟ್ಟೆನೋವು ಇದ್ದರೆ ಕರುಳಿನತ್ತ ಗಮನ ಹರಿಯಬೇಕು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗ, ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಗಳಲ್ಲಿ ಬಾಯಿಹುಣ್ಣೂ ಒಂದು ಲಕ್ಷಣ. ಬಾಯಿಯೊಂದಿಗೆ ಜನನಾಂಗದಲ್ಲೂ ಹುಣ್ಣು, ಕಣ್ಣು ಕೆಂಪಾಗಿ ದೃಷ್ಟಿ ಮಸುಕಾಗುವುದು ಕಂಡುಬಂದರೆ ಅದು ಬೆಹ್ಚೆಟ್ ರೋಗವಿರಬಹುದು. ಟರ್ಕಿಯ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ 1937ರಲ್ಲಿ ವಿವರಿಸಿದ ಈ ರೋಗವನ್ನು ನಿರ್ಲಕ್ಷಿಸಿದರೆ ಕುರುಡುತನವೂ ಬರಬಹುದು. ಮುಖದ ಮೇಲೆ ಕೆಂಪು ದದ್ದು, ಕೀಲುನೋವು ಇದ್ದರೆ ಲೂಪಸ್, ಪದೇ ಪದೇ ಸೋಂಕು ತಗುಲುತ್ತಿದ್ದರೆ ಎಚ್‌ಐವಿ ಹಾಗೂ ಬಿಳಿ ರಕ್ತಕಣಗಳ ಕೊರತೆಯ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸುತ್ತಾರೆ.

ಔಷಧಗಳೇ ಕಾರಣವಾದಾಗ

ನೋವುನಿವಾರಕಗಳು, ಎದೆನೋವಿಗೆ ನೀಡುವ ನಿಕೊರ್ಯಾಂಡಿಲ್, ಕೆಲವು ರಕ್ತದೊತ್ತಡದ ಮಾತ್ರೆಗಳು ಬಾಯಿಹುಣ್ಣು ತರಬಲ್ಲವು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮೆಥೊಟ್ರೆಕ್ಸೇಟ್ ವಿಷಯದಲ್ಲಿ. ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಇದನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ತಪ್ಪು ತಿಳಿದು ಪ್ರತಿದಿನ ನುಂಗಿದರೆ ರಕ್ತಕಣಗಳು ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತವೆ; ಬಾಯಿತುಂಬ ಹುಣ್ಣೇಳುವುದು ಅದರ ಮೊದಲ ಮುನ್ಸೂಚನೆ. ಅಂತಹ ಸಂದರ್ಭದಲ್ಲಿ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಹೊಸ ಮಾತ್ರೆ ಆರಂಭಿಸಿದ ಕೆಲವೇ ದಿನ, ವಾರಗಳಲ್ಲಿ ಜ್ವರ, ಬಾಯಿ-ಕಣ್ಣುಗಳಲ್ಲಿ ಹುಣ್ಣು, ಮೈಮೇಲೆ ಗುಳ್ಳೆ ಕಾಣಿಸಿಕೊಂಡರೂ ತುರ್ತು ಚಿಕಿತ್ಸೆ ಅನಿವಾರ್ಯ.

ಹಲ್ಲುನೋವೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಬಳಿ ಒತ್ತಿಟ್ಟುಕೊಳ್ಳುವುದು, ಎಲೆಗೆ ಸುಣ್ಣ ಹೆಚ್ಚಾಗಿ ಹಚ್ಚುವುದು ಸಹ ಬಾಯಿಯ ಒಳಪದರವನ್ನು ಸುಡುತ್ತವೆ.

ಅಡಿಕೆ, ತಂಬಾಕು ಮತ್ತು ಮಾಯದ ಹುಣ್ಣು

ಅಡಿಕೆ ಬೆಳೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯ ರಾಜ್ಯ. ಅಡಿಕೆ ಅಗಿಯುವ ಅಭ್ಯಾಸವೂ ಇಲ್ಲಿ ವ್ಯಾಪಕ. ಅಡಿಕೆ ಅಗಿಯುವವರಲ್ಲಿ ಬರುವ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ರೋಗ ಆರಂಭವಾಗುವುದು ಬಾಯಿಯ ಉರಿ, ಖಾರ ಸಹಿಸಲಾಗದಿರುವುದು, ಮೇಲಂಗಳದಲ್ಲಿ ಮರುಕಳಿಸುವ ಸಣ್ಣ ಗುಳ್ಳೆ ಮತ್ತು ಹುಣ್ಣುಗಳಿಂದಲೇ. ಕ್ರಮೇಣ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿದ, 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ.7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು.

ತಂಬಾಕು ಬೆರೆಸದಿದ್ದರೆ ಅಡಿಕೆಯಿಂದ ತೊಂದರೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ ಬಳಿಕವೂ ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ರೂಢಿ ಬೆಳೆಯಿತು.

ಮರಳಿ ಮರಳಿ ಬರುವ ಹುಣ್ಣಿಗಿಂತ, ಒಂದೇ ಜಾಗದಲ್ಲಿ ಮಾಯದೆ ಉಳಿಯುವ ಹುಣ್ಣು ಹೆಚ್ಚು ಅಪಾಯಕಾರಿ. ಕ್ಯಾನ್ಸರಿನ ಹುಣ್ಣು ಆರಂಭದಲ್ಲಿ ನೋಯದೆಯೂ ಇರಬಹುದು. ನೋವಿಲ್ಲವೆಂಬುದೇ ನೆಮ್ಮದಿಯ ಕಾರಣವಾಗಕೂಡದು.

ಪರೀಕ್ಷೆ, ಚಿಕಿತ್ಸೆ

ಯಾರನ್ನು ಕಾಣಬೇಕೆಂಬ ಗೊಂದಲ ಸಹಜ. ದಂತವೈದ್ಯಕೀಯ ಕಾಲೇಜುಗಳಲ್ಲಿರುವ ‘ಓರಲ್ ಮೆಡಿಸಿನ್’ ವಿಭಾಗ ಇದಕ್ಕೆಂದೇ ಇದೆ. ಗುಳ್ಳೆಗಳು ಪ್ರಧಾನವಾಗಿದ್ದರೆ ಚರ್ಮರೋಗ ತಜ್ಞರನ್ನು ಕಾಣಬಹುದು. ರಕ್ತಕಣಗಳ ಎಣಿಕೆ, ಫೆರಿಟಿನ್, ಬಿ-12, ಫೋಲೇಟ್, ಸಕ್ಕರೆ ಅಂಶ ಇವು ಮೊದಲ ಸುತ್ತಿನ ಪರೀಕ್ಷೆಗಳು. ಸಂಶಯವಿದ್ದಲ್ಲಿ ಹುಣ್ಣಿನ ಅಂಚಿನಿಂದ ಸಣ್ಣ ಚೂರನ್ನು ತೆಗೆದು ಬಯಾಪ್ಸಿ ಮಾಡಲಾಗುತ್ತದೆ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಿರಾಧಾರ.

ಸಾಮಾನ್ಯ ಆಫ್ತಸ್ ಹುಣ್ಣಿಗೆ ಟ್ರಯಾಮ್ಸಿನೊಲೋನ್‌ನಂತಹ ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಸಲಹೆಯಂತೆ ಹುಣ್ಣು ಏಳುತ್ತಿರುವಾಗಲೇ ಹಚ್ಚಿದರೆ ಬೇಗ ಮಾಯುತ್ತದೆ. ಮರಗಟ್ಟಿಸುವ ಜೆಲ್ ಊಟಕ್ಕೆ ಮುನ್ನ ನೋವು ತಗ್ಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಬಾಯಿ ಮುಕ್ಕಳಿಸಬಹುದು. ದೀರ್ಘಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಕೋಲೀನ್ ಸ್ಯಾಲಿಸಿಲೇಟ್ ಇರುವ ಜೆಲ್‌ಗಳನ್ನು ಮಕ್ಕಳಿಗೆ ಹಚ್ಚಬಾರದು.

ಮಜ್ಜಿಗೆ, ತುಪ್ಪ, ಬೆಚ್ಚಗಿನ ಉಪ್ಪುನೀರಿನ ಮುಕ್ಕಳಿಕೆಗಳು ಹಿತ ನೀಡುತ್ತವೆ, ಅವನ್ನು ಬಿಡಬೇಕಾಗಿಲ್ಲ. ಜೇನನ್ನು ಒಂದು ವರ್ಷದೊಳಗಿನ ಶಿಶುಗಳಿಗೆ ಮಾತ್ರ ನೆಕ್ಕಿಸಕೂಡದು. ಹುಣ್ಣೆದ್ದ ದಿನ, ಜಾಗ, ಹಿಂದಿನ ದಿನ ತಿಂದದ್ದು, ಹೊಸದಾಗಿ ಸೇವಿಸಿದ ಔಷಧಗಳನ್ನು ಎರಡು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕಾರಣದ ಸುಳಿವು ಅಲ್ಲಿಯೇ ಸಿಕ್ಕೀತು.

ಇವಿದ್ದರೆ ತಡಮಾಡಬೇಡಿ

* ಮೂರು ವಾರ ಕಳೆದರೂ ಮಾಯದ ಹುಣ್ಣು. ತಂಬಾಕು, ಅಡಿಕೆ ಅಭ್ಯಾಸವಿದ್ದವರಿಗೆ ಎರಡು ವಾರ.
* ಗಟ್ಟಿಯಾದ ಅಂಚು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು.
* ಒಂದು ಮಾಯುವ ಮೊದಲೇ ಇನ್ನೊಂದು ಏಳುವ ಗುಳ್ಳೆಗಳು, ಮೈಮೇಲೂ ಗುಳ್ಳೆ.
* ಕಣ್ಣು ಕೆಂಪಾಗುವುದು, ಜನನಾಂಗದ ಹುಣ್ಣು, ದೀರ್ಘಕಾಲದ ಭೇದಿ, ತೂಕ ಇಳಿಕೆ.
* ಬಾಯಿ ತೆರೆಯಲು, ನುಂಗಲು, ನೀರು ಕುಡಿಯಲು ಕಷ್ಟ.
* ಮಧ್ಯವಯಸ್ಸಿನ ನಂತರ ಮೊದಲ ಬಾರಿಗೆ ಆರಂಭವಾದ, ಮರುಕಳಿಸುವ ಹುಣ್ಣು.